ಕಲಗಚ್ಚಿನ ಬಾನಿ ಇಲ್ಲದ ಮನೆ

ನಾನು ದಪ್ಪಗಿದ್ದೆ. ಈಗಲೂ ತೆಳ್ಳಗೇನಿಲ್ಲ, ಆದರೆ ಆಗ ಇದ್ದ ಹಾಗಿಲ್ಲ. ನಂಜನಗೂಡಿನಲ್ಲಿ ನಾವಿದ್ದ ಬಾಡಿಗೆ ಮನೆ ಮಹಡಿಯ ಮೇಲಿತ್ತು. ಮನೆ ಕಟ್ಟಿ ಎಷ್ಟೋ ವರ್ಷ ಆದ ಮೇಲೆ ಮೆಟ್ಟಿಲನ್ನು ಹೊರಗಡೆ ಗೋಡೆಗೆ ಒರಗಿಸಿ ಕಟ್ಟಿದ್ದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಕಂಬಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ನಾನು ಒಬ್ಬಳೇ ಬಂದರೂ ಗೋಡೆಯ ಸುಣ್ಣ ಒಂದು ಮಗ್ಗುಲಿಗೆ, ಕಂಬಿಯ ತುಕ್ಕು ಇನ್ನೊಂದು ಮಗ್ಗುಲಿಗೆ. ಇಳಿಯುವಾಗ ಕೂತುಕೊಂಡೇ ಇಳಿಯುತ್ತಿದ್ದೆ, ಕೈ ಊರಿಕೊಂಡು ಒಂದೊಂದೇ ಮೆಟ್ಟಿಲು ಜಾರಿ. ಹತ್ತುವಾಗ ಮಗ ಮೇಲಿನಿಂದ ಎಳೆಯಬೇಕು, ಸೊಸೆ ಕೆಳಗಿನಿಂದ ನೂಕಬೇಕು. ಬೀದಿಯವರು ಮಾಡುತ್ತಿದ್ದ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಆಮೇಲೆ ನಾನು ಇಳಿಯುವುದನ್ನೇ ಬಿಟ್ಟೆ. ಮಹಡಿಯ ಮೇಲೇ ಜಗಲಿಯಂಥ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, ಹುಣ್ಣಿಮೆ ದಿನ ದೇವರಿಗೆ ಮುಡಿ ಕೊಟ್ಟು ಒದ್ದೆ ಬಟ್ಟೆಯಲ್ಲಿ ಹೊಳೆಯಿಂದ ಬರುವ ಭಕ್ತರನ್ನು ನೋಡುವುದು, ಮಿಕ್ಕ ದಿನ ಸುಮ್ಮನೆ ಬೀದಿ ನೋಡುವುದು.

ಮೆಟ್ಟಿಲು ದೊಡ್ಡ ತೊಂದರೆಯಲ್ಲ. ಕಕ್ಕಸು ಹಾಗಲ್ಲ, ಅದು ದಿನಾ ಬೇಕು. ಆ ಮನೆಯದು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂರುವ ಕಕ್ಕಸು, ಗೋಡೆ ಮೈಗೆ ತಾಗುವಷ್ಟು ಇಕ್ಕಟ್ಟು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ನಾನು ಒಳಗೆ ಕೂತರೆ ಬಾಗಿಲು ನನ್ನ ಮಂಡಿಗೆ ಬಡಿದು ನಿಲ್ಲುತ್ತಿತ್ತು, ಮುಚ್ಚುತ್ತಿರಲಿಲ್ಲ. ಸೊಸೆ ಒಂದು ಹಳೇ ಸೀರೆಯನ್ನು ಪರದೆ ಕಟ್ಟಿದಳು. ಕೂರಿಸುವುದಕ್ಕೂ ಅವಳೇ ಕೈ ಹಿಡಿಯಬೇಕು, ಎಬ್ಬಿಸುವುದಕ್ಕೂ ಅವಳೇ ಬರಬೇಕು. ಅವಳೋ ನನ್ನ ಒಂದು ತೊಡೆಯಷ್ಟಿದ್ದಾಳೆ. ಮಗ ಮೈಸೂರಿನಿಂದ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತಂದ. ಅದು ನಾಲ್ಕು ಕಾಲನ್ನೂ ಅಗಲಿಸಿಕೊಂಡು ನನ್ನ ಸಮೇತ ಕುಸಿಯಿತು. ಮೇಲೆ ಕೂರುವ ಕಮೋಡು ಹಾಕಿಸಿಕೊಡಿ ಅಂತ ಮನೆ ಯಜಮಾನನನ್ನು ಕೇಳಿದರೆ, ನಿಮಗೆ ಹಾಕಿಸಿದರೆ ಕೆಳಗಿನವರೂ ಕೇಳುತ್ತಾರೆ ಅಂದ. ಸೀರೆಯ ಪರದೆ ಗಾಳಿಗೆ ಹಾರುತ್ತಿತ್ತು. ಮೊಮ್ಮಕ್ಕಳು ನಡುಮನೆಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದರೆ ಅವರದು ನನಗೆ ಕೇಳಿಸುತ್ತಿತ್ತು, ನನ್ನದು ಅವರಿಗೆ.

ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿಕೊಂಡು, ನಾನೇ ಕೂತು ನಾನೇ ಎದ್ದು ಬರಬೇಕು. ಆಗ ನನಗೆ ಬೇಕಾಗಿದ್ದದ್ದು ಇಷ್ಟೇ.

ನಾವು ಮೊದಲಿಗೆ ನಂಜನಗೂಡಿನವರಲ್ಲ. ತಿರುಮಕೂಡಲು ನರಸೀಪುರದ ಕಡೆ, ಬನ್ನೂರಿಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಗಂಡ ತೀರಿಕೊಂಡ ಮೇಲೆ, ಮಗನಿಗೆ ಇಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಎಲ್ಲರೂ ಒಟ್ಟಿಗೆ ಬಂದೆವು. ತೊಂಬತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಊರು ಬಿಟ್ಟಿದ್ದಕ್ಕೆ ನನಗೆ ದುಃಖವೇನೂ ಆಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಸಗಣಿ ಬಾಚಿ ಬಾಚಿ ಸಾಕಾಗಿತ್ತು. ಹಸು, ಎಮ್ಮೆ ಮಾರಿದೆವು. ಪಾತ್ರೆ, ಹಾಸಿಗೆ, ಒರಳು ಟೆಂಪೋಗೆ ಹಾಕಿಕೊಂಡೆವು. ಹಿತ್ತಲಲ್ಲಿದ್ದ ಕಲಗಚ್ಚಿನ ಬಾನಿಯನ್ನು ಮಾತ್ರ ಅಲ್ಲೇ ಬಿಟ್ಟೆವು. ಕಲ್ಲಿನದು, ಯಾರು ಹೊರುತ್ತಾರೆ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಪಾತ್ರೆಯಲ್ಲಿ ಉಳಿದ ಮುದ್ದೆ, ತಟ್ಟೆಯಲ್ಲಿ ಬಿಟ್ಟ ಅನ್ನ, ಹುಳಿ ಬಂದ ಸಾರು ಎಲ್ಲ ಅದಕ್ಕೆ ಬೀಳುತ್ತಿತ್ತು. ಸಂಜೆ ಒಂದು ಹಿಡಿ ಬೂಸಾ ಹಾಕಿ ಕಲಕಿದರೆ ದನ ಬಾನಿಯ ತಳ ನೆಕ್ಕುತ್ತಿದ್ದವು. ನಮ್ಮ ಮನೆಯಲ್ಲಿ ಅನ್ನವನ್ನು ಎಸೆದದ್ದು ಅಂತ ನಾನು ಕಂಡೇ ಇಲ್ಲ.

ಬಂದ ಮೊದಮೊದಲು ನಾನು ಅಷ್ಟು ದಪ್ಪ ಇರಲಿಲ್ಲ. ವರ್ಷ ವರ್ಷ ಊದಿಕೊಂಡೆ. ಮಂಡಿ ಹೋಯಿತು. ಮಂಡಿ ಡಾಕ್ಟರ ಹತ್ತಿರ ಹೋದರೆ, ಇಷ್ಟು ಭಾರ ಇರುವ ತನಕ ಮಂಡಿ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಮೊದಲು ತೂಕ ಇಳಿಸಿ ಅಂದರು. ನಡೆಯದೆ ತೂಕ ಇಳಿಯುವುದಿಲ್ಲ, ಮಂಡಿ ಸರಿಯಾಗದೆ ನಡೆಯುವುದಕ್ಕಾಗುವುದಿಲ್ಲ. ಕೊನೆಗೆ ಅವರೇ ಮೈಸೂರಿನಲ್ಲಿ ಹೊಟ್ಟೆ ಸಣ್ಣ ಮಾಡುವ ಡಾಕ್ಟರ ಹತ್ತಿರ ಕಳಿಸಿದರು. ಹೊಟ್ಟೆಯ ಚೀಲವನ್ನೇ ಕತ್ತರಿಸಿ ಬಾಳೆಕಾಯಿಯಷ್ಟು ಮಾಡುತ್ತೇವೆ, ಆಮೇಲೆ ನೀವು ಹಿಡಿಯಷ್ಟೇ ತಿನ್ನಬಹುದು ಅಂದರು ಅವರು. ರಕ್ತ, ಮೂತ್ರ, ಎದೆ ಎಲ್ಲ ನೋಡಿದರು. ಎಲ್ಲ ಆದ ಮೇಲೆ, ಇನ್ನೊಬ್ಬ ಡಾಕ್ಟರು ನಿಮ್ಮ ಮನಸ್ಸನ್ನು ನೋಡಬೇಕು, ಅವರು ಒಪ್ಪಿದರೆ ಮಾತ್ರ ಆಪರೇಷನ್ ಅಂದರು.

ಮನಸ್ಸನ್ನು ನೋಡುವ ಡಾಕ್ಟರು ಅಂದರೆ ನಮ್ಮ ಕಡೆ ಹುಚ್ಚಿನ ಡಾಕ್ಟರು ಅಂತಲೇ. ಮಗ ಕೆಳಗಿನ ಮನೆಯವರಿಗೆ ಮಂಡಿಗೆ ತೋರಿಸಲು ಹೋಗುತ್ತಿದ್ದೇವೆ ಅಂತ ಹೇಳಿದ. ವ್ಯಾನು ಹತ್ತಿಸುವಾಗ ನನಗೆ ಮೆಲ್ಲಗೆ ಬುದ್ಧಿ ಹೇಳಿದ.

“ಕೇಳಿದ್ದಕ್ಕೆ ಮಾತ್ರ ಉತ್ರ ಏಳವ್ವ. ನಿನ್ನ ಬಾಯಿ ಅಲ್ಲಿ ಬಿಡ್ಬ್ಯಾಡ.”

ಗೊತ್ತಿಲ್ಲದವರ ಮುಂದೆ ಕೂತು ಕೇಳಿದ್ದಕ್ಕೆ ಉತ್ತರ ಹೇಳಿದ್ದು ನನ್ನ ಜೀವಮಾನದಲ್ಲಿ ಅದಕ್ಕೂ ಮೊದಲು ಒಂದೇ ಸಲ, ಹೆಣ್ಣು ನೋಡಲು ಬಂದಿದ್ದಾಗ. ಆಗ ನಮ್ಮವ್ವ ಹೇಳಿಕೊಟ್ಟಿದ್ದಳು: ತಲೆ ಎತ್ತಬೇಡ, ದೊಡ್ಡವರು ಹೇಳಿದ ಹಾಗೆ ಅನ್ನು, ಊಟ ಕಮ್ಮಿ ಅನ್ನು. ಆ ಹೊತ್ತಿನಲ್ಲಿ ಅದು ಕೆಲಸ ಮಾಡಿತ್ತು. ಇಲ್ಲೂ ಹಾಗೇ ಅಂದುಕೊಂಡು ಹೋದೆ.

ಮಗ, ಸೊಸೆ ಇಬ್ಬರೂ ನನ್ನ ಜೊತೆ ಒಳಗೆ ಬಂದರು. ಡಾಕ್ಟರು ಹೆಂಗಸು. ನನ್ನ ಸೊಸೆಯ ವಯಸ್ಸು ಇರಬಹುದು. ಬಿಳಿ ಕೋಟು ಹಾಕಿರಲಿಲ್ಲ. ಕೋಣೆಯಲ್ಲಿ ಮಂಚವಿಲ್ಲ, ಸೂಜಿಯಿಲ್ಲ, ಒಂದು ಮೇಜು, ಕುರ್ಚಿಗಳು. ಕೈ ಇರುವ ಕುರ್ಚಿಯೊಳಗೆ ನಾನು ಇಳಿಯಲಿಲ್ಲ. ಅವರೇ ಎದ್ದು ಹೊರಗಿನಿಂದ ಬೆಂಚು ತರಿಸಿದರು. ಇವತ್ತು ಯಾವ ವಾರ, ಮನೆಯಲ್ಲಿ ಯಾರ್ಯಾರಿದ್ದಾರೆ, ನಿದ್ದೆ ಬರುತ್ತದಾ, ಅಳು ಬರುತ್ತದಾ, ಯಾರೂ ಇಲ್ಲದಾಗ ಮಾತು ಕೇಳಿಸುತ್ತದಾ ಅಂತ ಕೇಳಿದರು. ತಲೆ ತಗ್ಗಿಸಿಕೊಂಡೇ ಹೇಳಿದೆ. ಆಪರೇಷನ್ ಆಗಬೇಕು ಅನ್ನುವುದು ಯಾರ ಇಷ್ಟ ಅಂತ ಕೇಳಿದರು. ಮಗ ಹೇಳಿದ ಮೇಲೆ ಮುಗಿಯಿತಲ್ಲ, ನಂದೇನಿದೆ ಅಂದೆ. ಅದು ಸರಿಯಾದ ಉತ್ತರ ಅಂತಲೇ ಅಂದುಕೊಂಡಿದ್ದೆ.

ಆಮೇಲೆ, ಸತ್ತುಹೋಗಬೇಕು ಅಂತ ಯಾವತ್ತಾದರೂ ಅನಿಸಿದೆಯಾ ಅಂದರು. ಅಷ್ಟು ಹೊತ್ತು ಬಾಯಿ ಕಟ್ಟಿ ಕೂತಿದ್ದು ಸಾಕಾಗಿತ್ತೋ ಏನೋ, ತಲೆ ಎತ್ತಿದೆ.

“ಸತ್ರೆ ಆ ಮೆಟ್ಲಿಂದ ಎಣ ಇಳಿಸೋರ್ಯಾರವ್ವ? ಅದ್ಕೇ ತಡ್ಕೊಂಡಿವ್ನಿ.”

ತಮಾಷೆಗೆ ಅಂದದ್ದು. ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಡಾಕ್ಟರು ನಗಲಿಲ್ಲ. ಏನೋ ಬರೆದುಕೊಂಡರು.

ಕೊನೆಗೆ ಊಟದ ವಿಷಯ. ಮಧ್ಯಾಹ್ನ ಒಂದು ಮುದ್ದೆ, ಒಂದು ಸೌಟು ಅನ್ನ, ರಾತ್ರಿ ಅರ್ಧ ಮುದ್ದೆ, ಬೆಳಿಗ್ಗೆ ತಿಂಡಿ ಏನು ಮಾಡಿದರೆ ಅದು ಎರಡು ಅಂದೆ. ಸುಳ್ಳು ಹೇಳಲಿಲ್ಲ. ಊಟಕ್ಕೆ ಕೂತರೆ ನಾನು ಅಷ್ಟೇ ತಿನ್ನುತ್ತಿದ್ದದ್ದು. ಸೊಸೆಯನ್ನು ಕೇಳಿದರು, ಅವಳೂ ಅದನ್ನೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಇಷ್ಟೇ ತಿಂದು ಈ ತೂಕ ಬರುವುದು ಕಷ್ಟ ಅಮ್ಮ, ನೀವು ಏನೋ ಮುಚ್ಚಿಡುತ್ತಿದ್ದೀರಿ, ಇಲ್ಲ ನಿಮಗೇ ಗೊತ್ತಾಗುತ್ತಿಲ್ಲ ಅಂದರು. ಗೊತ್ತಿಲ್ಲದೆ ತಿನ್ನುವವರ ಹೊಟ್ಟೆ ಕತ್ತರಿಸಿದರೆ ಹೊಲಿಗೆ ಬಿಚ್ಚಿಹೋಗುತ್ತದೆ, ಪ್ರಾಣಕ್ಕೇ ಬರುತ್ತದೆ, ನಾನು ಈಗ ಒಪ್ಪುವುದಿಲ್ಲ ಅಂದರು. ಮುಂದಿನ ತಿಂಗಳು ಬನ್ನಿ, ಅಲ್ಲಿಯ ತನಕ ಒಂದೇ ಒಂದು ಕೆಲಸ ಮಾಡಿ: ಬಾಯಿಗೆ ಏನು ಹಾಕಿಕೊಂಡರೂ ತಟ್ಟೆಗೆ ಹಾಕಿಕೊಂಡು, ತಟ್ಟೆ ಮುಂದೆ ಕೂತು ತಿನ್ನಿ. ಒಂದು ಕಾಳಾದರೂ ಸರಿ. ನಿಂತು ತಿನ್ನಬೇಡಿ.

ವ್ಯಾನು ಕಡಕೊಳ ದಾಟಿತು. ಹೆಣದ ಮಾತು ಯಾಕೆ ಆಡಬೇಕಿತ್ತು ಅಂತ ಮಗ ಶುರು ಮಾಡಿದ. ನಾನು ಕಿಟಕಿ ಕಡೆ ತಿರುಗಿಕೊಂಡೆ. ಮಂಡಿಯವರು ಹೊಟ್ಟೆಯವರ ಹತ್ತಿರ ಕಳಿಸಿದರು, ಹೊಟ್ಟೆಯವರು ತಲೆಯವರ ಹತ್ತಿರ, ತಲೆಯವರು ವಾಪಸ್ಸು ಅದೇ ಮಹಡಿಗೆ. ಮನೆ ಹತ್ತಿರ ಇಳಿದಾಗ ಮೆಟ್ಟಿಲನ್ನು ನೋಡಿ, ಕೆಳಗೇ ಗೋಣಿಚೀಲ ಹಾಸಿ ಬಿಟ್ಟುಬಿಡ್ರೋ ಅನ್ನಬೇಕು ಅನಿಸಿತು. ಅನ್ನಲಿಲ್ಲ. ಮಗ ಎಳೆದ, ಸೊಸೆ ನೂಕಿದಳು. ಅರ್ಧದಲ್ಲಿ ಸುಸ್ತಾಗಿ ಕೂತೆ. ಹಿಂದಕ್ಕೂ ಹೋಗಲಾರೆ, ಮುಂದಕ್ಕೂ ಹೋಗಲಾರೆ. ಕೆಳಗಿನ ಮನೆಯವಳು ಬಾಗಿಲಿಗೆ ಬಂದು, ಮಂಡಿಗೆ ಏನಂದರು ಅಂತ ಕೇಳಿದಳು. ವಾಸಿಯಾಗುತ್ತದಂತೆ ಅಂದೆ.

ಮಾರನೆಯ ದಿನದಿಂದ ತಟ್ಟೆಯ ಕೆಲಸ ಹಿಡಿದೆ. ಪಾಸಾಗಬೇಕಿತ್ತಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಬೆಳಿಗ್ಗೆ ತಿಂಡಿ ತಟ್ಟೆಯಲ್ಲಿ ತಿಂದೆ, ಸರಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅವರ ತಟ್ಟೆಯಲ್ಲಿ ಮುರಿದ ಇಡ್ಲಿ ಉಳಿದಿತ್ತು. ದಿನಾ ಅದು ನನ್ನ ಬಾಯಿಗೆ ಹೋಗುತ್ತಿತ್ತು, ತೊಳೆಯುವ ಕಲ್ಲಿಗೆ ಒರಗಿ ನಿಂತುಕೊಂಡೇ. ಅವತ್ತು ಡಾಕ್ಟರ ಮಾತು ನೆನಪಾಗಿ ನನ್ನ ತಟ್ಟೆಗೆ ಹಾಕಿಕೊಂಡೆ. ಪಾತ್ರೆಯ ತಳದ ಹಿಟ್ಟಿನಲ್ಲಿ ಸೊಸೆ ಹುಯ್ದಿದ್ದ ಕೊನೆಯ ದೋಸೆ, ಅದೂ ತಟ್ಟೆಗೆ ಬಂತು. ರಾತ್ರಿಯ ತಂಗಳು ಅನ್ನ ಬಂತು. ನಮ್ಮ ಕಡೆ ರಾತ್ರಿ ಅನ್ನದ ಪಾತ್ರೆಯನ್ನು ಬರಿದು ಮಾಡಿ ಮಲಗುವುದಿಲ್ಲ, ಒಂದು ಹಿಡಿಯಾದರೂ ಬಿಡಬೇಕು. ಆ ಒಂದು ಹಿಡಿ ಯಾವತ್ತೂ ಒಂದು ಹಿಡಿ ಇರುವುದಿಲ್ಲ. ಮಧ್ಯಾಹ್ನ ಮಗನ ಕ್ಯಾರಿಯರ್‌ನಲ್ಲಿ ವಾಪಸ್ಸು ಬಂದ ಪಲ್ಯ, ಸಂಜೆ ಮಕ್ಕಳ ಡಬ್ಬಿಯಲ್ಲಿ ಬೆವೆತು ಕೂತಿದ್ದ ಚಿತ್ರಾನ್ನ, ಕಪ್ಪಾದ ಬಾಳೆಹಣ್ಣು, ಸೀಯಿಸಿದ ಮುದ್ದೆಯ ತಳ. ನಾನು ಕೂತು ಎದ್ದು, ಕೂತು ಎದ್ದು ಸಾಕಾಗಿ, ಮಾರನೆಯ ದಿನ ಅಂಥದ್ದನ್ನೆಲ್ಲ ಎತ್ತಿಟ್ಟು ಸಂಜೆ ಒಂದೇ ಸಲ ತಟ್ಟೆಗೆ ಹಾಕಿಕೊಂಡು ಕೂತೆ. ತಟ್ಟೆ ಸಾಲದೆ ಇನ್ನೊಂದು ತಟ್ಟೆ ಕೇಳಬೇಕಾಯಿತು.

ಇನ್ನೊಂದು ತಟ್ಟೆ ಕೇಳಿದಾಗ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೊಡಲಿಲ್ಲ. ನಾನು ತಟ್ಟೆಯನ್ನು ನೋಡುತ್ತಾ ಕೂತೆ. ಊಟ ಅಂತ ನಾನು ಯಾವುದಕ್ಕೆ ಹೇಳುತ್ತಿದ್ದೆನೋ ಅದು ಇದರ ಮುಂದೆ ಏನೂ ಅಲ್ಲ. ಕಲಗಚ್ಚಿಗೆ ಹೋಗಬೇಕಾದ್ದು ಅಷ್ಟೂ ಅಲ್ಲಿತ್ತು. ಊರಲ್ಲಿ ಬಿಟ್ಟು ಬಂದೆವು ಅಂದುಕೊಂಡಿದ್ದ ಬಾನಿಯನ್ನು ಈ ಮಹಡಿಯ ತನಕ ನಾನೇ ಹೊತ್ತುಕೊಂಡು ಬಂದಿದ್ದೆ.

“ನಂಗೊತ್ತಿತ್ತು ಕಣತ್ತೆ,” ಅಂದಳು ಸೊಸೆ.

“ಗೊತ್ತಿದ್ದು ಡಾಕ್ಟ್ರ ಮುಂದೆ ಯಾಕೆ ಏಳ್ನಿಲ್ಲ?”

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ನೀವು ತಿನ್ನದೇ ಓದ್ರೆ ನಾನು ತಿನ್ಬೇಕಲ್ಲ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಹೆಮ್ಮರಗಾಲದವಳು, ಅವರ ಮನೆಯಲ್ಲೂ ಅನ್ನ ಎಸೆಯುವುದಿಲ್ಲ. ಮದುವೆಯಾಗಿ ಬಂದಾಗ ತಂಗಳು ತಿನ್ನುತ್ತಿದ್ದವಳು ಅವಳೇ. ಮೊದಲ ಬಾಣಂತನದಲ್ಲಿ ಬೇಡ ಅಂತ ನಾನೇ ಬಿಡಿಸಿ ನನ್ನ ಬಾಯಿಗೆ ಹಾಕಿಕೊಂಡೆ. ಆಮೇಲೆ ಅದು ಅವಳ ಕಡೆ ವಾಪಸ್ಸು ಹೋಗಲಿಲ್ಲ. ಅವಳು ನನ್ನನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಳ್ಳುತ್ತಿದ್ದಳಲ್ಲ, ಅದೂ ಇದರ ಲೆಕ್ಕವೇ. ಒಬ್ಬಳು ತಿನ್ನಬೇಕು, ಇನ್ನೊಬ್ಬಳು ಎತ್ತಬೇಕು. ಇಬ್ಬರೂ ಅದರೊಳಗೇ ಇದ್ದೆವು.

ಕಸಕ್ಕೆ ಹಾಕು ಅಂದೆ. ಅವಳು ತಟ್ಟೆ ತೆಗೆದುಕೊಂಡು ಮೆಟ್ಟಿಲಿಳಿದು ಬೀದಿ ಮೂಲೆಯ ಪುರಸಭೆಯ ತೊಟ್ಟಿಯ ತನಕ ಹೋದಳು. ನಾನು ಮೇಲಿನಿಂದ ನೋಡುತ್ತಿದ್ದೆ. ತೊಟ್ಟಿಯ ಮುಂದೆ ನಿಂತಳು, ಆ ಕಡೆ ಈ ಕಡೆ ನೋಡಿದಳು, ಹಾಗೇ ವಾಪಸ್ಸು ಬಂದಳು. ಅದರಲ್ಲಿ ಏನೇನೋ ಬಿದ್ದಿದೆ ಅತ್ತೆ, ಅದರ ಮೇಲೆ ಅನ್ನ ಹಾಕಲು ಕೈ ಬರಲಿಲ್ಲ ಅಂದಳು. ಅವಳನ್ನು ಬೈಯುವುದಕ್ಕೆ ನನಗೆ ಯೋಗ್ಯತೆ ಇರಲಿಲ್ಲ, ನಾನಾಗಿದ್ದರೂ ಹಾಗೇ ಬರುತ್ತಿದ್ದೆ. ಅಡುಗೆಯನ್ನೇ ಕಮ್ಮಿ ಮಾಡಿ ನೋಡಿದೆವು. ಕಮ್ಮಿ ಮಾಡಿದ ದಿನವೇ ಮಗ ಯಾರನ್ನೋ ಊಟಕ್ಕೆ ಕರೆದುಕೊಂಡು ಬಂದು, ಸೊಸೆ ಹಸಿದು ಮಲಗಿದಳು. ಮತ್ತೆ ಹಳೇ ಅಳತೆಗೇ ಬಂದೆವು. ತಟ್ಟೆ ಅಡುಗೆಮನೆಯಲ್ಲಿ ಮುಚ್ಚಿ ಕೂತಿರುತ್ತಿತ್ತು, ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ. ಹಸಿವು ಅಂತ ಅಲ್ಲ. ಅದು ಅಲ್ಲಿ ಕೂತಿದೆ, ಹುಳಿ ಬರುತ್ತಿದೆ, ನಾನು ಇಲ್ಲಿ ಸುಮ್ಮನೆ ಕೂತಿದ್ದೇನೆ ಅನ್ನುವುದು. ಎರಡು ಸಲ ಸೋತೆ. ಸೋತಾಗಲೂ ತಟ್ಟೆ ಮುಂದೆ ಕೂತೇ ತಿಂದೆ.

ಹಿಂದಿನ ಬೀದಿಯಲ್ಲಿ ಒಬ್ಬಳು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದಳು. ನಮಗೂ ಅವಳೇ ಹಾಲು ಹಾಕುತ್ತಿದ್ದದ್ದು. ಇಷ್ಟು ವರ್ಷ ಅವಳ ಹಾಲು ಕುಡಿದಿದ್ದೇವೆ, ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕಲಗಚ್ಚು ಅಂದರೆ ನಮ್ಮ ದನಕ್ಕೆ ನಮ್ಮ ಮನೆಯದು, ಎಂಜಲನ್ನು ಇನ್ನೊಬ್ಬರ ಬಾಗಿಲಿಗೆ ಕೊಂಡುಹೋಗಿ ಕೊಡುವುದು ಮರ್ಯಾದೆಯಲ್ಲ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ನಾಚಿಕೆ ಬಿಟ್ಟು ಒಂದು ಬೆಳಿಗ್ಗೆ ಮಹಡಿಯಿಂದಲೇ ಅವಳನ್ನು ಕೂಗಿ ಕೇಳಿದೆ.

“ಇಷ್ಟು ದಿನ ಏನ್ ಮಾಡ್ತಿದ್ರಿ ಅದ್ನ?” ಅಂದಳು.

“ತಿಂತಿದ್ದೆ.”

ಅವಳು ತಲೆ ಎತ್ತಿ ನನ್ನನ್ನು ಒಂದು ಸಲ ಪೂರಾ ನೋಡಿದಳು.

“ಅಯ್ಯೋ, ನನ್ ಎಮ್ಮೆಗೆ ಆಕಿದ್ರೆ ಅದೂ ಇಂಗೇ ಆಗ್ತಿತ್ತಲ್ಲವ್ವ,” ಅಂದಳು. ಮಾರನೆಯ ದಿನದಿಂದ ಮೆಟ್ಟಿಲ ಕೆಳಗೆ ಹಳೇ ಪೇಂಟಿನ ಬಕೆಟ್ಟು ಇಟ್ಟಳು. ಸೊಸೆ ದಿನಾ ಅದಕ್ಕೆ ಸುರಿದು ಬರುತ್ತಿದ್ದಳು. ಬಿದ್ದ ಶಬ್ದ ಮೇಲಕ್ಕೆ ಕೇಳಿಸುವ ತನಕ ನಾನು ಕಿವಿಗೊಟ್ಟು ಕೂರುತ್ತಿದ್ದೆ.

ತಿಂಗಳಾದ ಮೇಲೆ ಮತ್ತೆ ಹೋದೆವು. ಬೆಂಚು ಆಗಲೇ ಒಳಗಿತ್ತು. ತಲೆ ತಗ್ಗಿಸಲಿಲ್ಲ ಈ ಸಲ. ತಟ್ಟೆಯದು, ಬಾನಿಯದು, ಎಮ್ಮೆಯದು ಎಲ್ಲ ಹೇಳಿದೆ, ಎರಡು ಸಲ ಸೋತದ್ದನ್ನೂ ಹೇಳಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಪರೇಷನ್ ಆದ ಮೇಲೆ ನಿಮ್ಮ ತಟ್ಟೆಯಲ್ಲೇ ಉಳಿಯುತ್ತದೆ, ಆಗ ಏನು ಮಾಡುತ್ತೀರಿ ಅಂತ ಕೇಳಿದರು. ಬಕೆಟ್ಟಿದೆಯಲ್ಲ ಅಂದೆ. ಎಮ್ಮೆ ಮಾರಿಬಿಟ್ಟರೆ? ನಾನು ಸೊಸೆಯ ಮುಖ ನೋಡಿದೆ. ಸೊಸೆ ಹೇಳಿದಳು, ನಾನು ತೊಟ್ಟಿಗೆ ಹಾಕಿ ಬರುತ್ತೇನೆ, ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ ಅಂತ. ಹಾಕುತ್ತಿರಲಿಲ್ಲವೇನೋ, ಆದರೆ ಹೇಳಿದಳು.

ಆಮೇಲೆ ಸೊಸೆಯನ್ನೂ ಮಗನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಮೊದಲ ಸಲ ಕೇಳಿದ್ದನ್ನೇ ಕೇಳಿದರು.

“ಮಗನದು ಬಿಡಿ ಅಮ್ಮ. ನಿಮಗೆ ಯಾಕೆ ಬೇಕು ಇದು?”

ಮಗ ಹೊರಗೇ ನಿಂತಿದ್ದಾನೆ, ಬಾಗಿಲು ತೆಳು. ಆದರೂ ಹೇಳಿದೆ.

“ಬಾಗ್ಲು ಆಕ್ಕೊಂಡು ಕಕ್ಕಸಿಗೆ ಕೂರ್ಬೇಕು ಕಣವ್ವ. ನಂಗೇನೂ ತೆಳ್ಳಗೆ ಕಾಣ್ಬೇಕಾಗಿಲ್ಲ.”

ಅದೊಂದು ಆಗದೇ ಹೋದರೆ ಅಂತ ಕೇಳಿದರು. ಆಪರೇಷನ್ ಮಾಡಿದರೂ ಮಂಡಿ ಹಾಗೇ ಇರಬಹುದು, ಸೊಸೆಯ ಕೈ ಆಗಲೂ ಬೇಕಾಗಬಹುದು, ವಾಂತಿ, ಸುಸ್ತು, ಕೂದಲು ಉದುರುವುದು ಎಲ್ಲ ಇರುತ್ತದೆ, ಆಗ ಯಾಕಾದರೂ ಮಾಡಿಸಿಕೊಂಡೆನೋ ಅನ್ನುತ್ತೀರಾ ಅಂದರು. ಅನ್ನುತ್ತೇನೆ ಅಂದೆ. ಅಂದುಕೊಂಡು ಮತ್ತೆ ಎದ್ದು ಕೂರುವ ಪ್ರಯತ್ನ ಮಾಡುತ್ತೇನೆ, ಬೇರೇನು ಮಾಡಲಿ, ಅಲ್ಲಿ ಮಹಡಿ ಮೇಲೆ ಬೇರೆ ಕೆಲಸ ಏನಿದೆ. ಡಾಕ್ಟರು ಆಗ ಸ್ವಲ್ಪ ನಕ್ಕರು. ಒಪ್ಪಿದ್ದೇನೆ ಅಂದರು.

ಆಪರೇಷನ್ ಬಗ್ಗೆ ಹೇಳುವುದು ಹೆಚ್ಚಿಲ್ಲ, ಮಲಗಿದೆ, ಎದ್ದೆ. ಆಮೇಲಿನ ದಿನಗಳು ಕೆಟ್ಟವು. ಗಂಜಿಯ ನೀರು ಚಮಚ ಚಮಚ. ಒಂದು ಚಮಚ ಹೆಚ್ಚಾದರೆ ವಾಪಸ್ಸು. ಜಡೆ ಇಲಿಯ ಬಾಲದ ಹಾಗೆ ಆಯಿತು, ತೋಳಿನ ಚರ್ಮ ಒಗೆದು ಹರವಿದ ಬಟ್ಟೆಯ ಹಾಗೆ ಜೋತಾಡಿತು. ಡಾಕ್ಟರು ಹೇಳಿದ್ದಂತೆ ಯಾಕಾದರೂ ಮಾಡಿಸಿಕೊಂಡೆನೋ ಅಂದೆ, ಒಂದು ಸಲವಲ್ಲ. ತಟ್ಟೆಯಲ್ಲಿ ನಾನೇ ಬಿಟ್ಟದ್ದನ್ನು ನೋಡಿ ಕೈ ತಡೆಯದೆ ಒಂದು ತುತ್ತು ಹೆಚ್ಚು ನುಂಗಿ, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದೂ ಉಂಟು. ಸೊಸೆ ತಟ್ಟೆಯನ್ನು ಮುಂದಿನಿಂದ ಎಳೆದುಕೊಂಡು ಬಕೆಟ್ಟಿಗೆ ಹೋಗುತ್ತಿದ್ದಳು. ಮಂಡಿ ಈಗಲೂ ನೋಯುತ್ತದೆ. ಯಾವ ಮೆಟ್ಟಿಲನ್ನಾದರೂ ಈಗಲೂ ಕೂತೇ ಇಳಿಯುತ್ತೇನೆ.

ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಒಂದು ದಿನ, ಸೊಸೆ ಅಕ್ಕಿ ಆರಿಸುತ್ತಾ ಕೂತಿದ್ದಳು, ನಾನು ಅವಳನ್ನು ಕರೆಯಲಿಲ್ಲ. ಗೋಡೆ ಹಿಡಿದು ಹೋದೆ. ಮಗ ನಲ್ಲಿಯ ಪೈಪಿಗೆ ಒಂದು ಹಗ್ಗ ಕಟ್ಟಿದ್ದ, ಅದನ್ನು ಹಿಡಿದು ಕೂತೆ. ಬಾಗಿಲನ್ನು ನೂಕಿದೆ. ಮಂಡಿಗೆ ತಾಗಿತು, ಸ್ವಲ್ಪ ಹಿಂದಕ್ಕೆ ಸರಿದೆ, ಮುಚ್ಚಿತು. ನಾನು ವರ್ಷಗಳಿಂದ ಮುಟ್ಟದ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು. ಎರಡು ಕೈಯಲ್ಲೂ ಒತ್ತಿ ಹಾಕಿದೆ.

ಆ ಶಬ್ದ ಸೊಸೆಗೆ ಕೇಳಿಸಿರಬೇಕು. ಮೊರ ಕೆಳಗಿಟ್ಟು ಓಡಿಬಂದಳು.

“ಅತ್ತೆ, ಚಿಲ್ಕ ಯಾಕೆ ಆಕ್ಕೊಂಡ್ರಿ? ಬಿದ್ದೋದ್ರೆ ಏನ್ ಗತಿ?”

“ಬಿದ್ರೆ ಬಾಗ್ಲು ಒಡೀರಿ,” ಅಂದೆ. “ಈಗ ಅತ್ಲಾಗೋಗು.”

ಅವಳು ಹೋಗಲಿಲ್ಲ, ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಕಾಲು ಕಾಣುತ್ತಿತ್ತು. ನಾನೂ ಬೇಗ ಏಳಲಿಲ್ಲ. ಎದ್ದಾಗ ಹಗ್ಗ ಹಿಡಿದುಕೊಂಡು ನಾನೇ ಎದ್ದೆ. ಚಿಲಕ ತೆಗೆದದ್ದೂ ನಾನೇ.